ವೇಬಿಲ್ಲಿನ ಬೆನ್ನು

ನಾಳೆಯ ದಾರಿಯನ್ನು ಹಳೇ ವೇಬಿಲ್ಲಿನ ಬೆನ್ನಿಗೆ ಬರೆಯುತ್ತಿದ್ದೇನೆ,
ಪೆನ್ಸಿಲಿನಲ್ಲಿ. ಅಳಿಸಬೇಕಾದೀತು.
ತುಮಕೂರು ಬಿಡುವುದು: ಆರು ಹತ್ತು.
ಚಿತ್ರದುರ್ಗ ಸೇರುವುದು: ಒಂಬತ್ತರ ಒಳಗೆ.

ಅಡುಗೆಮನೆಯಿಂದ ಸಿದ್ದಗಂಗಮ್ಮ ಕೇಳುತ್ತಾಳೆ,
ಅದ್ಯಾಕ್ರೀ ಆ ಹತ್ತು ನಿಮಿಷ?
ಆರು ಅಂತ ಬರೀರಿ, ಇಲ್ಲಾ ಆರೂಕಾಲು ಅನ್ನಿ.
ಏನು ಹೇಳಲಿ. ಇಪ್ಪತ್ತೊಂಬತ್ತು ವರ್ಷ
ಆ ಹತ್ತು ನಿಮಿಷ ನನ್ನ ಜೊತೆ ಮಲಗಿ
ನನಗಿಂತ ಮೊದಲು ಎದ್ದಿದೆ.

ಕಾರು ಅವಳದು. ಲೈಸೆನ್ಸೂ ಅವಳದೇ.
ಅಂಗನವಾಡಿಯ ಬೀಗದ ಕೈ ಒಪ್ಪಿಸಿದ ತಿಂಗಳೇ
ಡ್ರೈವಿಂಗ್ ಸ್ಕೂಲಿಗೆ ಹೆಸರು ಬರೆಸಿದಳು.
ಸೆಕೆಂಡ್ ಹ್ಯಾಂಡ್ ಬಿಳಿ ಆಲ್ಟೊ,
ಹಿಂದಿನ ಬಂಪರಿಗೆ ಯಾರದೋ ಗೇಟಿನ ಹಸಿರು ಬಣ್ಣ.
ಇಲ್ಲಿಯ ತನಕ ಕ್ಯಾತ್ಸಂದ್ರ, ಗುಬ್ಬಿ,
ಒಮ್ಮೆ ಮಾತ್ರ, ಕತ್ತಲಾದ ಮೇಲೆ, ಕೊರಟಗೆರೆ.
ಹೈವೇ ಇದೇ ಮೊದಲು.

ಸೀಬಿ: ಕೂತಲ್ಲೇ ಕೈ ಮುಗಿಯುವುದು. ಇಳಿಯುವಂತಿಲ್ಲ.
ಕರ್ಜೀವನಹಳ್ಳಿ ಟೋಲು: ಫಾಸ್ಟ್ಯಾಗಿನಲ್ಲಿ ದುಡ್ಡಿದೆಯೇ, ರಾತ್ರಿಯೇ ನೋಡು.
ಶಿರಾ: ಊರೊಳಗೆ ಹೋಗಿ ಕಾಫಿ. ಬೈಪಾಸಿನ ಕಾಫಿ ಕಾಫಿಯಲ್ಲ.
ಕಳ್ಳಂಬೆಳ್ಳ ಬಿಟ್ಟುಹೋಗಿತ್ತು, ಶಿರಾದ ಮೇಲೆ ತುರುಕಿದೆ.
ಅಲ್ಲಿ ಒಬ್ಬಾಕೆ, ಸ್ಟೀಲಿನ ಕ್ಯಾನು ಹಿಡಿದವಳು,
ಬಾಕಿ ನಲವತ್ತಮೂರು ರೂಪಾಯಿ ಮರೆತು ಇಳಿದಿದ್ದಳು.
ಟಿಕೆಟ್ಟಿನ ಹಿಂದೆ ನಾನೇ ಬರೆದುಕೊಟ್ಟಿದ್ದೆ.
ಮತ್ತೆ ಎಂದೂ ಬಸ್ಸು ಹತ್ತಲಿಲ್ಲ, ಅಥವಾ
ಹತ್ತಿದಾಗ ನನಗೆ ಗುರುತಾಗಲಿಲ್ಲ.
'ಇಲ್ಲಿ ಸ್ವಲ್ಪ ನಿಧಾನ' ಎಂದಷ್ಟೇ ಬರೆದೆ.

ನಿಜ ಹೇಳಬೇಕೆಂದರೆ ಈ ದಾರಿ ನಾನು ನೋಡಿಲ್ಲ.
ಸ್ಟೇಜು ಗೊತ್ತು, ಸ್ಟೇಜಿನ ದರ ಗೊತ್ತು,
ಯಾವ ಹಂಪಿಗೆ ಕಾಲು ಎಷ್ಟು ಅಗಲಿಸಬೇಕೆಂದು
ಹಿಮ್ಮಡಿಗೆ ಈಗಲೂ ಗೊತ್ತು.
ಆದರೆ ಮುಖ ಯಾವತ್ತೂ ಜನರ ಕಡೆ,
ದಾರಿಗೆ ಬೆನ್ನು.
ಊರುಗಳು ಪಕ್ಕದ ಕಿಟಕಿಗೆ ದಿಢೀರನೆ ಬಂದವು,
ಹಿಂದಿನ ಗಾಜಿನಲ್ಲಿ ಸಣ್ಣಗಾದವು.
ಎದುರಿನಿಂದ ಬರುವ ಊರು ಹೇಗಿರುತ್ತದೋ
ಅದು ಖಲಂದರ್ ಸಾಬರಿಗೆ ಸೇರಿದ್ದು.

ಹನ್ನೊಂದು ವರ್ಷ ಒಂದೇ ಗಾಡಿ.
ಅವರು ನನ್ನ ಸೀಟಿ ಕೇಳಿದರು, ನಾನು ಅವರ ಹಾರನ್ನು ಕೇಳಿದೆ.
ಹೋಲ್ಡಾನ್, ರೈಟ್ ರೈಟ್,
ಇದರಾಚೆ ಎಷ್ಟು ಮಾತಾಡಿದ್ದೇವೆ ಎಂದು ಲೆಕ್ಕ ಹಾಕಿದರೆ
ಒಂದು ಊಟದ ಹೊತ್ತಿಗೂ ಸಾಲದು.
ಈಗ ದುರ್ಗದಲ್ಲಿ ಮಗಳ ಮನೆ. ಸಕ್ಕರೆ ಕಾಯಿಲೆ
ಕಣ್ಣಿಗೇ ಇಳಿಯಿತಂತೆ.
ಹೋದ ವಾರ ಫೋನಿನಲ್ಲಿ ನಗುತ್ತಲೇ ಅಂದರು:
ಬರ್ರಿ ಕಂಡಕ್ಟ್ರೇ. ಊಟ ಆದ ಮೇಲೆ
ಐಮಂಗಲದ ತನಕ ಒಂದು ರೌಂಡು ಹೋಗಿಬರೋಣ.
ಅಕ್ಕಾವ್ರು ಓಡಿಸಲಿ. ನೀವು ಮುಂದೆ ಕೂತು
ಏನೇನು ಬರ್ತದೆ ಕೂಗ್ತಾ ಹೋಗಿ.
ಕೂಗೋದು ನಿಮಗೇನು ಹೊಸದಾ?

ಅದಕ್ಕೇ ಈ ತಯಾರಿ.
ಹೋಗುವಾಗ ನೋಡಿ ಕಲಿಯಬೇಕು, ಮೂರು ಗಂಟೆಯೊಳಗೆ.
ಗುಡ್ಡದ ಮೇಲೆ ಗಾಳಿಯಂತ್ರ, ನಾಲ್ಕು ತಿರುಗ್ತಿವೆ,
ಒಂದು ನಿಂತಿದೆ, ಅಂದರೆ ಸಾಕೇ ಅವರಿಗೆ?
ಎದುರಿನ ಲಾರಿ ದೊಡ್ಡದಾಗುವ ಬಗೆ,
ದೂರದಲ್ಲಿ ರಸ್ತೆ ಒದ್ದೆಯಂತೆ ಹೊಳೆದು
ಹತ್ತಿರ ಹೋದರೆ ಒಣಗಿರುವುದು,
ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದವರಿಗೆ
ನಾನು ಯಾವ ದರದಲ್ಲಿ ಟಿಕೆಟ್ಟು ಹರಿಯಲಿ?

ಕೈ ಒರೆಸಿಕೊಂಡು ಬಂದಳು ಸಿದ್ದಗಂಗಮ್ಮ.
ಓದಲಿಲ್ಲ. ಹಾಳೆ ತಿರುಗಿಸಿ, ಅಚ್ಚಾದ ಕಡೆ,
'ಚಾಲಕರ ಹೆಸರು' ಎಂಬ ಖಾಲಿ ಗೆರೆಯ ಮೇಲೆ
ಮಕ್ಕಳಿಗೆ ತಿದ್ದಿಸುವ ದುಂಡು ಅಕ್ಷರದಲ್ಲಿ
ತನ್ನ ಹೆಸರು ಬರೆದಳು, ಇನಿಷಿಯಲ್ಲು ಸಮೇತ.
ಆಮೇಲೆ ಹಿಂದುಮುಂದು ಮಾಡಿ ನೋಡಿ,
ಅಲ್ಲಾ, ವಾಪಸ್ ಬರೋದು ಎಲ್ಲಿ ಬರೆದಿದೀರಿ?
ನಾಳೆ ರಾತ್ರಿಗೆ ಮನೆ ಸೇರೋದು ಬೇಡ್ವಾ?
ಲಾರಿ ಲೈಟು ನನ್ನ ಕಣ್ಣಿಗೆ ಆಗಲ್ಲ.

ಮರೆತೇಬಿಟ್ಟಿದ್ದೆ.
ಕೊನೆಯಲ್ಲಿ ಉಳಿದ ಅಂಗುಲದಷ್ಟು ಜಾಗದಲ್ಲಿ ಬರೆದೆ,
ದುರ್ಗ ಬಿಡುವುದು: ಮೂರು ಹತ್ತು.
ಅವಳು ಏನೂ ಕೇಳಲಿಲ್ಲ.
ಫಾಸ್ಟ್ಯಾಗಿಗೆ ದುಡ್ಡು ಹಾಕಲು
ಕನ್ನಡಕ ಹುಡುಕತೊಡಗಿದಳು.